ಟಾರ್ಪಾಲಿನ ಕೆಳಗಿದ್ದ ಗಂಗೆ

ಬೆಳಗ್ಗೆ ಅವರೆಕಾಯಿ ಸುಲಿಯುತ್ತಿದ್ದಾಗ ಮಧುಗಿರಿಯಿಂದ ತಂಗಿ ಗಿರಿಜಳ ಫೋನ್ ಬಂತು.

“ಅಕ್ಕಾ, ಇವತ್ತು ಪುರಸಭೆಯೋರು ನಮ್ಮ ಬೀದಿ ನೋಡಾಕೆ ಬತ್ತಾವ್ರೆ. ನೀರು, ಚರಂಡಿ, ಮರ, ಹಳೇದು ಪಳೇದು ಎಲ್ಲಾ ನೋಡಿ ಅಂಕ ಹಾಕ್ತಾರಂತೆ. ಬಳಕೇಲಿಲ್ಲ ಅಂತ ಬರೆದ್ರೆ ಬಾವಿ ಮುಚ್ಚಿ ಕಾರು ನಿಲ್ಸಾಕೆ ಜಾಗ ಮಾಡ್ತಾರೆ. ಬಂದ್ಬುಡು.”

ನಮ್ಮಿಬ್ಬರನ್ನೂ ಹೆತ್ತಾಗ ಅಮ್ಮ ಗಂಗೆಪೂಜೆ ಮಾಡಿದ್ದು ಆ ಮೆಟ್ಟಿಲು ಬಾವಿಯಲ್ಲೇ. ಕಾಳು ನೆನೆಹಾಕಿ, ದೇವರಿಗೆ ದೀಪ ಹಚ್ಚಿ, ಕೊರಟಗೆರೆಯಲ್ಲಿ ಒಂಬತ್ತರ ಬಸ್ಸು ಹತ್ತಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಅದೂ ದೇವರ ದಯೆಯೇ. ಮಂಜು ಸರಿದು ಏಕಶಿಲೆಯ ಬೆಟ್ಟ ಒಮ್ಮೆಗೇ ಎದುರು ನಿಂತಾಗ, ಹುಟ್ಟಿದಾಗಿನಿಂದ ನೋಡಿದ್ದರೂ, ಕೈ ತಾನಾಗಿ ಮುಗಿಯಿತು.

ಬೀದಿ ಗುಡಿಸಿ ತೊಳೆದಂತಿತ್ತು. ಬಾವಿ ಮಾತ್ರ ಕಾಣಲಿಲ್ಲ! ಅದಕ್ಕೆ ನೀಲಿ ಟಾರ್ಪಾಲು ಹೊದಿಸಿ, ಅಂಚಿಗೆ ಹೂಕುಂಡ ಜೋಡಿಸಿದ್ದರು.

“ಏನೇ ಇದು?”

“ಮೆಟ್ಟಿಲ ತುಂಬಾ ಅರಿಶಿನ, ಕುಂಕುಮ, ಬಾಡಿದ ಹೂವು. ಕೊಳಕು ಅಂತ ಅಂಕ ಕಮ್ಮಿ ಮಾಡ್ಬುಟ್ರೆ?” ಎಂದಳು ಗಿರಿಜ.

“ಹೆಣ್ಣು ನೋಡಾಕೆ ಬಂದಾಗ ಹೆಣ್ಣನ್ನೇ ಕೋಣೇಲಿಟ್ಟು ಬೀಗ ಹಾಕ್ದಂಗಾಯ್ತು ಕಣೆ!”

ಅಷ್ಟರಲ್ಲಿ, ಬೀದಿ ನೋಡಲು ಬಂದಿದ್ದ ಹುಡುಗಿ ತನ್ನ ಹಾಳೆಯಲ್ಲಿ ‘ಬಾವಿ: ಬಳಕೆಯಲ್ಲಿಲ್ಲ’ ಎಂದು ಬರೆದೇಬಿಟ್ಟಿದ್ದಳು. ನಾನು ಕುಂಡ ಸರಿಸತೊಡಗಿದೆ. ನಾಲ್ಕಾರು ಹೆಂಗಸರು ಬಂದು ಕೈಹಾಕಿದರು. ಟಾರ್ಪಾಲು ಎಳೆದೆವು.

ಅಷ್ಟು ದೊಡ್ಡ ಬೆಟ್ಟ ಬಾವಿಯ ನೀರಲ್ಲಿ ಅಲುಗಾಡದೆ ನಿಂತಿತ್ತು. ಹುಡುಗಿ ಅಂಚಿಗೆ ಬಂದು ಬಗ್ಗಿ ನೋಡಿದಳು.

“ಇದನ್ನ ಯಾರು ಕ್ಲೀನ್ ಮಾಡ್ತಾರೆ?” ಹುಡುಗಿ ಮೆಲ್ಲಗೆ ಕೇಳಿದಳು.

“ನಾವೇ ಕಣಮ್ಮ,” ಎಂದರು ಪಕ್ಕದ ಮನೆಯ ಸಿದ್ದಮ್ಮ. “ಯಾರ ಮನೇಲಿ ಮಗು ಹುಟ್ಟಿದ್ರೂ ಗಂಗೆಪೂಜೆಗೆ ಮುಂಚೆ ಎಲ್ಲಾರೂ ಇಳಿದು ಪಾಚಿ ಉಜ್ತೀವಿ, ಹೂಳು ತೆಗೀತೀವಿ. ಬಾಣಂತಿ ಕಾಲು ಜಾರಬಾರ್ದಲ್ಲ.”

“ಕೊನೇ ಸಲ ಯಾವಾಗ?”

“ಈ ತಿಂಗಳೇ ಎರಡು ಸಲ ಆಯ್ತು. ನಮ್ಮ ಬೀದಿಯೋರು ಸುಮ್ನಿರಲ್ಲ ಕಣಮ್ಮ!”

ಎಲ್ಲರೂ ನಕ್ಕರು. ಹುಡುಗಿ ಚಪ್ಪಲಿ ಬಿಟ್ಟು, ಸವೆದ ಮೆಟ್ಟಿಲಿಳಿದು ನೀರು ಮುಟ್ಟಿ ಬಂದಳು. ಬರೆದದ್ದನ್ನು ಹೊಡೆದುಹಾಕಿ, ‘ಬಳಕೆಯಲ್ಲಿದೆ. ಬೀದಿಯವರೇ ಕಾಪಾಡುತ್ತಿದ್ದಾರೆ’ ಎಂದು ಬರೆದು ನಮಗೆ ಓದಿ ಹೇಳಿದಳು. “ಮುಚ್ಚೋ ಪಟ್ಟಿಗೆ ಇದು ಸೇರಲ್ಲ ಅಮ್ಮ.”

ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರರ ಬಸ್ಸಿಗೆ ಹೊರಟಾಗ ಬಾಟಲಿಗೆ ಬಾವಿಯ ನೀರು ತುಂಬಿಕೊಟ್ಟಳು. ಮನೆಗೆ ಬಂದು ಅದನ್ನು ದೇವರ ಮುಂದಿಟ್ಟೆ. ನೆನೆದ ಅವರೆಕಾಳು ಉಬ್ಬಿ ಕಾದಿತ್ತು. ಸೆರಗು ಸಿಕ್ಕಿಸಿ ಹಿಸುಕಲು ಕೂತೆ.