ಪುಕ್ಕಟೆ ಹಾಲ್ ಬಿಟ್ಟ ನೊರ್ಬರ್ಟರು

ನೊರ್ಬರ್ಟರ ಕಸುಬು ಏಸಿ ರಿಪೇರಿ, ಹುಚ್ಚು ಪ್ರವಚನದ್ದು. ಕತಾರಿನ ದೋಹಾದಲ್ಲಿ ಇಗರ್ಜಿ, ಅಂದರೆ ಚರ್ಚು, ಇನ್ನೂ ಎದ್ದಿರದ ಆ ವರ್ಷಗಳಲ್ಲಿ ಮಂಗಳೂರು ಕಡೆಯ ಕ್ರೈಸ್ತರಿಗೆ ಶುಕ್ರವಾರವೇ ಭಾನುವಾರ. ಅಲ್ ಅಜೀಜಿಯಾದ ಒಂದು ವಿಲ್ಲಾದ ಹಾಲ್‌ನಲ್ಲಿ ಪ್ರಾರ್ಥನೆ, ಕೊನೆಗೆ ನೊರ್ಬರ್ಟರ ಹತ್ತು ನಿಮಿಷದ ಮಾತು. ಹತ್ತು ಇಪ್ಪತ್ತಾಗದ ವಾರವೇ ಇರಲಿಲ್ಲ ಅನ್ನಿ. ಹಾಲ್ ಕೊಟ್ಟವನು ಅವರ ಕಂಪನಿಯ ಮ್ಯಾನೇಜರ್ ಮಾರಿಸ್. ಬಾಡಿಗೆ ಒಂದು ರಿಯಾಲೂ ಇಲ್ಲ. ಪುಕ್ಕಟೆಗೂ ಒಂದು ಬೆಲೆ ಇರುತ್ತದೆಂದು 2006ರ ಆಗಸ್ಟಿನಲ್ಲಿ ತಿಳಿಯಿತು.

ಅದೇ ಕಂಪನಿಯ ವೆಲ್ಡರ್ ಕೃತಿಕ್‌ನ ತಂದೆ ಊರಲ್ಲಿ ತೀರಿಹೋದರು. ಎಲ್ಲ ಕೆಲಸಗಾರರದ್ದರಂತೆ ಅವನ ಪಾಸ್‌ಪೋರ್ಟೂ ಕಂಪನಿಯ ಕಪಾಟಿನಲ್ಲಿ, ಬೀಗದ ಕೈ ಮಾರಿಸನ ಹತ್ತಿರ, ಮಾರಿಸ್ ರಜೆಯ ಮೇಲೆ ದುಬೈಯಲ್ಲಿ. ಅವನು ಬಂದು ಕಪಾಟು ತೆರೆಯುವಷ್ಟರಲ್ಲಿ ಉತ್ತರಕ್ರಿಯೆಯೂ ಮುಗಿದಿತ್ತು. ಆ ಶುಕ್ರವಾರ ನೊರ್ಬರ್ಟ್ ಪ್ರವಚನದಲ್ಲಿ ಅದನ್ನೇ ಎತ್ತಿದರು. ಮನುಷ್ಯನ ಪಾಸ್‌ಪೋರ್ಟ್ ಅವನ ಕಿಸೆಯಲ್ಲಿರಬೇಕು ಎಂದರು.

ಮರುದಿನವೇ ಮಾರಿಸ್ ಆಫೀಸಿಗೆ ಕರೆಸಿದ.

"ಹಾಲ್ ಫ್ರೀ ಕೊಟ್ಟದ್ದು ದೇವರ ಮಾತಿಗೆ. ಪಾಸ್‌ಪೋರ್ಟಿನ ಮಾತು ಬಿಟ್ರೆ ಹಾಲ್ ಉಂಟು. ಇಲ್ಲಾಂದ್ರೆ ಖಲಾಸ್."

ನೊರ್ಬರ್ಟರ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿತ್ತು. ಕೆಲಸ ಹೋದರೆ ಊರ ದಾರಿ. ಹೆದರಿಕೆಯಾಯಿತು, ಸುಳ್ಳೇಕೆ? ಆದರೂ ಅವರೆಂದರು, "ಅದು ದೇವರ ಮಾತೇ ಸರ್. ಬಾಯಿಗೆ ಬೀಗ ಹಾಕಿ ಕೊಡುವ ಹಾಲ್ ನಮಗೆ ಬೇಡ."

ಹೇಳಿದ್ದೇನೋ ಆಯಿತು, ಸೇರುವುದೆಲ್ಲಿ? ಇಂಡಸ್ಟ್ರಿಯಲ್ ಏರಿಯಾದ ಲೇಬರ್ ಕ್ಯಾಂಪಿನಲ್ಲಿ ಮೆಸ್ ನಡೆಸುವ ಬಂಟ್ವಾಳದ ಅಪ್ಪಯ್ಯ ಕೈಹಿಡಿದ. ತುಳುನಾಡಲ್ಲಿ ಕ್ರೈಸ್ತರನ್ನು ಕರೆಯುವಂತೆಯೇ ಕರೆದ.

"ಪೊರ್ಬುಗಳೇ, ಎರಡು ಗಂಟೆ ಮೇಲೆ ಮೆಸ್ ಖಾಲಿ. ಬಾಡಿಗೆ ಎಂತದ್ದೂ ಬೇಡ, ಬಂದವರೆಲ್ಲ ಪಾತ್ರೆ ತೊಳೆದು ಹೋದ್ರಾಯ್ತು. ಯಾರ ಬಗ್ಗೆ ಬೇಕಾದ್ರೂ ಮಾತಾಡಿ, ನನ್ನ ಸಾಂಬಾರಿಗೊಂದು ಹೆಸರಿಡ್ಬೇಡಿ."

ಸೆಪ್ಟೆಂಬರ್ ಎಂಟು, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ, ಆ ವರ್ಷ ಶುಕ್ರವಾರವೇ ಬಂತು. ಬಾಲೆ ಮರಿಯಮ್ಮನ ಮೂರ್ತಿ ಮಾರಿಸನ ಹಾಲ್‌ನಲ್ಲೇ ಉಳಿದಿತ್ತು. ಮೂರ್ತಿಗಾಗಿಯಾದರೂ ಇವರು ಕಾಲಿಗೆ ಬೀಳುತ್ತಾರೆಂದು ಅವನ ಎಣಿಕೆ. ಆದರೆ ಊರಿಂದ ಸೂಟ್‌ಕೇಸಿನಲ್ಲಿ ಬಂದ ಭತ್ತದ ತೆನೆ ಇದ್ದದ್ದು ನೊರ್ಬರ್ಟರ ಬಳಿ. ಆಶೀರ್ವದಿಸಿದ ಆ ತೆನೆಯ ಕಾಳು ಸುಲಿದು ಹಾಲಿಗೆ ಬೆರೆಸಿ ಕುಡಿಯದೆ ಹೊಸ ಅಕ್ಕಿಯ ಊಟವಿಲ್ಲ. ಮಾರಿಸ್ ಇದನ್ನು ಮರೆತಿದ್ದ. ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ ಸೆವ್ರಿನ್ ಬಾಯಿ ಮರೆತಿರಲಿಲ್ಲ. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೊಸ ಊಟ ತಪ್ಪಿಸದ ಮುದುಕಿ ಆಕೆ.

ಮಧ್ಯಾಹ್ನ ಮೆಸ್ಸಿನೆದುರು ಲ್ಯಾಂಡ್ ಕ್ರೂಸರ್ ನಿಂತಿತು. ಮುಂದೆ ಸೆವ್ರಿನ್ ಬಾಯಿ, ಹಿಂದೆ ಮೂರ್ತಿ ಹೊತ್ತ ಮಾರಿಸ್. ದೂರದ ವಿಲ್ಲಾಕ್ಕೆ ಎಂದೂ ಬರಲಾಗದ ಕ್ಯಾಂಪಿನವರೇ ನೂರಕ್ಕೂ ಹೆಚ್ಚು ಜನ ಎದ್ದು ದಾರಿ ಬಿಟ್ಟರು. ನೊರ್ಬರ್ಟ್ ಪ್ರವಚನಕ್ಕೆ ಎದ್ದರು. ಇವನೆದುರು ಏನು ಹೇಳಲಿ? ಬೆಂಚಿನಲ್ಲಿ ಕೂತ ಕೃತಿಕ್ ಕಣ್ಣಿಗೆ ಬಿದ್ದ.

"ಇವತ್ತು ಮನೆಯವರೆಲ್ಲರಿಗೂ ಪಾಲು," ಎಂದರು. "ದೂರ ಇರುವವನ ಪಾಲನ್ನೂ ತೆಗೆದಿಟ್ಟು ಕಳಿಸ್ತೇವೆ. ಒಬ್ಬನ ಪಾಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ರೆ, ಆ ಊಟ ಯಾರಿಗೆ ದಕ್ಕೀತು? ಈ ಕೃತಿಕ್‌ಗೆ ಅಪ್ಪನ ಮುಖ ನೋಡುವ ಪಾಲು ಕಪಾಟಿನಲ್ಲೇ ಉಳಿಯಿತು."

ಸೆವ್ರಿನ್ ಬಾಯಿ ಕೈಯಲ್ಲಿದ್ದ ಹಾಲಿನ ಲೋಟ ಕೆಳಗಿಟ್ಟರು. "ಮಾರಿಸ್, ಯಾವ ಕಪಾಟು?"

ಮಾರಿಸ್ ತಲೆ ತಗ್ಗಿಸಿದ. "ನಾಳೆ ತೆರೀತೇನೆ ಅಮ್ಮಾ."

"ಬೀಗದ ಕೈ ಈಗ ಕೊಡು. ಆಮೇಲೆ ನಾನು ಕುಡೀತೇನೆ."

ಬೀಗದ ಕೈಗಳ ಗೊಂಚಲು ನೊರ್ಬರ್ಟರ ಅಂಗೈಗೆ ಬಿತ್ತು. ಮೆಸ್ಸಿನಲ್ಲಿ ಎದ್ದ ಚಪ್ಪಾಳೆಗೆ ಅಪ್ಪಯ್ಯ ಸೌಟು ಹಿಡಿದೇ ಓಡಿಬಂದ. ಆ ದಿನ ಪಾತ್ರೆ ತೊಳೆದವರಲ್ಲಿ ಮಾರಿಸನೂ ಒಬ್ಬ.

ಮರುವಾರ ಅವನೇ ಬಂದು, ಹಾಲ್ ತೆರೆದಿದೆ, ಏನು ಬೇಕಾದರೂ ಮಾತಾಡಿ ಎಂದು ಕರೆದ. ನೊರ್ಬರ್ಟ್ ನಕ್ಕು ಮೆಸ್ಸಿನಲ್ಲೇ ಉಳಿದರು. ಉಳಿದ ಕೆಲಸಗಾರರಂತೆ ತಾವೂ ಕಿಸೆಯಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಅಂದು ನಲವತ್ತು ನಿಮಿಷ ಮಾತಾಡಿದರು. ಒಬ್ಬರೂ ಎದ್ದು ಹೋಗಲಿಲ್ಲ.