ಗುತ್ತಲ ರಸ್ತೆಯ ಸಾಹೇಬನ ಗೋರಿ

ನನಗೆ ‘ಗೊತ್ತಿಲ್ಲ’ ಎಂದು ಹೇಳಲು ಬರುವುದಿಲ್ಲ. ಇದು ಜಂಬವಲ್ಲ, ಕಾಯಿಲೆ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬಂದು ಇಂಥವರ ಮನೆ ಎಲ್ಲಿ ಎಂದು ಕೇಳಿದರೆ, ಆ ಹೆಸರನ್ನೇ ಕೇಳಿರದಿದ್ದರೂ ನನ್ನ ಕೈ ತಾನಾಗಿ ಮೇಲೆದ್ದು ಒಂದು ದಿಕ್ಕು ತೋರಿಸಿಬಿಡುತ್ತದೆ. ಪಾಪ, ಅವರು ನಂಬಿ ಹೋಗುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದರ ಫಲವಿದು. ಮಾಸ್ತರನೇ ಗೊತ್ತಿಲ್ಲ ಎಂದರೆ ಆ ಪೀರಿಯಡ್ಡಿನ ಉಳಿದ ಹೊತ್ತು ಏನು ಮಾಡಬೇಕು?

ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲದಲ್ಲಿ ಈ ಕಾಯಿಲೆ ಕಡಲು ದಾಟಿತು. ‘ಇಂಗ್ಲಿಷ್ ಮಾಸ್ತರರಿಗೆ, ಹೈಸ್ಕೂಲು, ಹಾವೇರಿ’ ಎಂದಷ್ಟೇ ವಿಳಾಸವಿದ್ದ ಪತ್ರವೊಂದು ಸ್ಕಾಟ್ಲೆಂಡಿನಿಂದ ಬಂತು. ಊರಿನಲ್ಲಿ ಹೈಸ್ಕೂಲುಗಳು ಹಲವು, ಇಂಗ್ಲಿಷ್ ಮಾಸ್ತರರೂ ಹಲವರು. ಆದರೆ ಅಂಚೆಯವನಿಗೆ ನನ್ನ ಸ್ವಭಾವ ಗೊತ್ತಿತ್ತು, ನನಗೇ ತಂದುಕೊಟ್ಟ.

ಬರೆದವರು ಮಾರ್ಗರೆಟ್ ಎಂಬ ಅರವತ್ತೆಂಟು ವರ್ಷದ ಹೆಂಗಸು. ದಾದಿಯಾಗಿ ದುಡಿದು ನಿವೃತ್ತರಾದವರು. ಅವರ ಮನೆತನದ ಗಂಡಸರು ತಲೆತಲಾಂತರದಿಂದ ಒಬ್ಬ ಜಮೀನ್ದಾರನ ಬಂಗಲೆಯಲ್ಲಿ ತೋಟದ ಮಾಲಿಗಳಾಗಿದ್ದರಂತೆ. ಅವರ ಪೈಕಿ ವಿಲಿಯಮ್ ಎಂಬ ಒಬ್ಬ ಮಾತ್ರ ಗುದ್ದಲಿ ಬಿಟ್ಟು ಬಂದೂಕು ಹಿಡಿದು, ನೂರು ವರ್ಷದ ಹಿಂದೆ ಸಿಪಾಯಿಯಾಗಿ ಹಿಂದೂಸ್ತಾನಕ್ಕೆ ಬಂದ. ಅವನು ತಂಗಿಗೆ, ಎಂದರೆ ಮಾರ್ಗರೆಟ್ ಅವರ ಅಜ್ಜಿಗೆ, ಬರೆದ ಕೊನೆಯ ಪತ್ರದ ತಲೆಯ ಮೇಲೆ ಹಾವೇರಿಯ ಹೆಸರಿತ್ತು. ಮುಂದೆ ಏನಾದನೋ ಯಾರಿಗೂ ತಿಳಿಯದು. ‘ನಿಮ್ಮ ಕಡೆ ಅವನ ಗುರುತೇನಾದರೂ ಇದೆಯೇ?’ ಎಂದು ಕೇಳಿದ್ದರು.

ನನ್ನ ಹೆಂಡತಿ ಶಾಂತಾ ಪತ್ರ ಕೇಳಿಸಿಕೊಂಡು, “ಈಕಿ ಪರದೇಶದ ಹೆಳವರಾಕಿ ಆದ್ಲಲ್ರಿ” ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ವಂಶಾವಳಿಯ ಚಿಂತೆಯನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ, ಅದಕ್ಕೆ ಹೆಳವರಿದ್ದಾರೆ. ಕೆಲವು ವರ್ಷಕ್ಕೊಮ್ಮೆ ಹೆಳವ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಮುತ್ತಜ್ಜನ ಮುತ್ತಜ್ಜನವರೆಗೆ ಹೆಸರು ಹೇಳಿ, ಕಾಳು ಬಟ್ಟೆ ಪಡೆದು ಹೋಗುತ್ತಾನೆ. ನಮ್ಮ ಮನೆಯ ಹೆಳವನ ಬಾಯಿಯಲ್ಲಿ ನಮ್ಮ ಹಿರಿಯರೆಲ್ಲ ದಾನಿಗಳು, ಶೂರರು. ಊರು ಬಿಟ್ಟು ಓಡಿಹೋದವನೊಬ್ಬನೂ ಇಲ್ಲ. ಹೀಗೆ ಸೋಸಿದ ವಂಶಾವಳಿ ಕೇಳಿ ಬೆಳೆದ ನನಗೆ, ಕಳೆದುಹೋದವನನ್ನೇ ಹುಡುಕುವ ಈ ಹೆಂಗಸು ವಿಚಿತ್ರವಾಗಿ ಕಂಡರು.

ಪತ್ರಕ್ಕೆ ಅಂದೇ ಉತ್ತರ ಬರೆದೆ. ಗುತ್ತಲ ರಸ್ತೆಯಲ್ಲಿ, ಹಾಳುಬಿದ್ದ ಬಂಗಲೆಯ ಹಿಂದಿನ ಹೊಲದಲ್ಲಿ ‘ಸಾಹೇಬನ ಗೋರಿ’ ಇದೆಯೆಂದು ಸಣ್ಣವನಿದ್ದಾಗ ಕೇಳಿದ್ದೆ, ನೋಡಿರಲಿಲ್ಲ. ಅಷ್ಟನ್ನೇ ಬರೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ನನಗೆ ಒಂದು ಹುರುಪು ಬರುತ್ತದೆ. ‘ನಿಮ್ಮ ಹಿರಿಯರ ಸಮಾಧಿ ಸುರಕ್ಷಿತವಾಗಿದೆ, ಹಳ್ಳಿಯವರು ಭಕ್ತಿಯಿಂದ ದೀಪ ಹಚ್ಚುತ್ತಾರೆ’ ಎಂದು ಬರೆದುಬಿಟ್ಟೆ. ದೀಪದ ಮಾತು ವಾಕ್ಯದ ಲಯಕ್ಕಾಗಿ ಬಂದದ್ದು.

ಜನವರಿಯಲ್ಲಿ ಬರುತ್ತೇನೆ ಎಂದು ಅವರು ಬರೆದರು.

ಕೂಡಲೇ ಸ್ಕೂಟರ್ ಹತ್ತಿ ಗುತ್ತಲ ರಸ್ತೆಗೆ ಹೋದೆ. ಹೊಲದ ಯಜಮಾನ ಫಕೀರಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ. ಬೇವಿನ ಗಿಡದ ಕೆಳಗೆ ನಿಜವಾಗಿಯೂ ಒಂದು ಕಲ್ಲುಕಟ್ಟಡ ಇತ್ತು. ಮಂಚದಷ್ಟು ಅಗಲ, ಮೊಣಕಾಲಿನಷ್ಟು ಎತ್ತರ. ಅಕ್ಷರವಿಲ್ಲ, ಶಿಲುಬೆಯಿಲ್ಲ. ಆದರೂ ನನಗೆ ಜೀವ ಬಂದಂತಾಯಿತು.

“ಇದ ಅಲ್ಲೇನು ಸಾಹೇಬನ ಗೋರಿ?” ಎಂದು ಕೇಳಿದೆ.

“ಊರಾಗಿನ ಮಂದಿ ಹಂಗಂತಾರ್ರಿ ಸರ,” ಎಂದ ಫಕೀರಪ್ಪ. “ಖರೇ ಅಂದ್ರ ಇದು ಸಾಹೇಬನ ಕುದುರಿ ಗೋರಿ.”

ಮನೆಗೆ ಬಂದು ಶಾಂತಾಳಿಗೆ ಹೇಳಿದೆ. “ಇದ್ದದ್ದು ಇದ್ದಂಗ ಬರೆದು ಹಾಕ್ರಿ,” ಎಂದಳು. ಬರೆಯಲು ನಾಲ್ಕು ಸಲ ಕುಳಿತೆ. ಕುದುರೆಯ ಗೋರಿಯನ್ನು ಒಬ್ಬರ ಪೂರ್ವಜನ ಗೋರಿ ಎಂದು ಹೇಳಿದ್ದಕ್ಕೆ ಕ್ಷಮೆ ಕೇಳುವ ಪತ್ರದ ಮಾದರಿ ಯಾವ ವ್ಯಾಕರಣ ಪುಸ್ತಕದಲ್ಲೂ ಇರಲಿಲ್ಲ. ನಾನು ಹೀಗೆ ಮೀನಮೇಷ ಎಣಿಸುತ್ತಿರುವಾಗಲೇ ಅವರು ಹಾವೇರಿ ಸ್ಟೇಷನ್ನಿನಲ್ಲಿ ಇಳಿದರು. ತೆಳ್ಳಗಿನ, ಎತ್ತರದ ಹೆಂಗಸು. ಬಗಲಲ್ಲಿ ಕ್ಯಾನ್ವಾಸಿನ ಚೀಲ. ನನ್ನ ಕೈ ಹಿಡಿದು, “ಅವನಿಗೆ ದೀಪ ಹಚ್ಚುವವರನ್ನು ನೋಡಬೇಕು,” ಎಂದರು.

ಮೊದಲ ದಿನ ಅವರನ್ನು ಕದರಮಂಡಲಗಿಗೆ ಕರೆದೊಯ್ದು ಆಂಜನೇಯನ ದರ್ಶನ ಮಾಡಿಸಿದೆ. ಹಾಗೆಯೇ ರಾಣೆಬೆನ್ನೂರಿಗೆ ಹೋಗಿ ನನ್ನ ಷಡ್ಡಕನ ಮನೆಯಲ್ಲಿ ಊಟ ಹಾಕಿಸಿದೆ. ಗೋರಿಗೆ ಹೋಗುವುದು ಯಾವಾಗ ಎಂದು ಕೇಳಿದರೆ, ಈ ಊರಿನ ಪದ್ಧತಿಯಲ್ಲಿ ಮೊದಲು ದೇವರು, ಆಮೇಲೆ ನೆಂಟರು, ಆಮೇಲೆ ಹಿರಿಯರು ಎಂದೆ. ಅಂಥ ಪದ್ಧತಿ ಎಲ್ಲಿಯೂ ಇಲ್ಲ. ಎರಡನೆಯ ದಿನ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕರೆದುಕೊಂಡು ಹೋದೆ.

ಜನವರಿಯ ಬ್ಯಾಡಗಿ ಪೇಟೆ ಎಂದರೆ ನೆಲವೆಲ್ಲ ಕೆಂಪು, ಗಾಳಿಯೆಲ್ಲ ಘಾಟು. ಹತ್ತು ಹೆಜ್ಜೆ ಇಡುವುದರೊಳಗೆ ಮಾರ್ಗರೆಟ್ ಸೀನತೊಡಗಿದರು. ಕಣ್ಣಲ್ಲಿ ಧಾರೆಧಾರೆ ನೀರು. ಚೀಲ ಹೊರುತ್ತಿದ್ದ ಹಮಾಲನೊಬ್ಬ, “ಅಕ್ಕಾರನ್ನ ಇಲ್ಲಿ ಕುಂದರಸ್ರಿ ಸರ,” ಎಂದು ತುಂಬಿದ ಚೀಲವೊಂದನ್ನು ತೋರಿಸಿ ತಂಬಿಗೆ ನೀರು ಕೊಟ್ಟ. ಅವರು ಕುಳಿತು ಮುಖ ತೊಳೆದುಕೊಂಡರು. ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಅನುಕೂಲದ ಜಾಗ ಸಿಕ್ಕಲಾರದು ಎನ್ನಿಸಿತು. ಅಳುತ್ತಿರುವವನು ಯಾರು, ಮೆಣಸಿನಕಾಯಿಯ ಘಾಟು ಹತ್ತಿದವನು ಯಾರು ಎಂದು ಅಲ್ಲಿ ಯಾರೂ ಬೇರೆ ಮಾಡುವುದಿಲ್ಲ.

ಎಲ್ಲವನ್ನೂ ಹೇಳಿದೆ. ನೋಡದೆ ಬರೆದದ್ದು, ದೀಪ ಸುಳ್ಳು ಎಂಬುದು, ಅದು ಕುದುರೆಯ ಗೋರಿ ಎಂಬುದು.

ಅವರು ಬೈಯಲಿಲ್ಲ. ಮುಖ ಒರೆಸುತ್ತಿದ್ದ ಕೈ ನಿಂತಿತು. “ಕುದುರೆಯದೇ? ಆ ಕುದುರೆಗೆ ಹೆಸರಿತ್ತೇ?” ಎಂದು ಕೇಳಿದರು.

“ಗೊತ್ತಿಲ್ಲ,” ಎಂದೆ. ಹೇಳಿದ ಮೇಲೆ ಏನೂ ಆಗಲಿಲ್ಲ. ಪೇಟೆ ಮೊದಲಿನಂತೆಯೇ ನಡೆದಿತ್ತು.

ಮಾರ್ಗರೆಟ್ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟಿದ್ದ ಹಳೆಯ ಕಾಗದ ತೆಗೆದರು. ನನಗೆ ಬರೆಯದೆ ಬಿಟ್ಟಿದ್ದ ಸಂಗತಿ ಅದರಲ್ಲಿತ್ತು. ವಿಲಿಯಮ್ ತಂಗಿಗೆ ಹೀಗೆ ಬರೆದಿದ್ದ: ನೆಲ್ಲಿ ನಿನ್ನೆ ತೀರಿಕೊಂಡಳು, ಒಂಬತ್ತು ವರ್ಷ ನನ್ನ ಜೊತೆಗಿದ್ದಳು, ನಾನೇ ಕುಣಿ ತೋಡಿ, ನನ್ನ ಕೈಯಿಂದಲೇ ಕಲ್ಲು ಕಟ್ಟಿದೆ, ಇನ್ನು ಇಲ್ಲಿ ನನ್ನವರು ಅಂತ ಯಾರೂ ಇಲ್ಲ. ಕಾಗದ ಓದಿದ ಅಪ್ಪ, ಮಗ ಮದುವೆಯಿಲ್ಲದೆ ಯಾರೊಬ್ಬಳನ್ನೋ ಇಟ್ಟುಕೊಂಡಿದ್ದ ಎಂದು ತೀರ್ಮಾನಿಸಿದ. ಮನೆಯವರ ಹೆಸರು ಬರೆದಿಡುವ ಬೈಬಲ್ಲಿನ ಹಾಳೆಯಲ್ಲಿ ವಿಲಿಯಮ್ ಹೆಸರಿನ ಮೇಲೆ ಶಾಯಿ ಎಳೆದ. ಮುಂದೆ ಯಾರೂ ಅವನ ಮಾತೆತ್ತಲಿಲ್ಲ.

“ನೆಲ್ಲಿಗೆ ಮಕ್ಕಳಿದ್ದರೇನೋ, ಅವರನ್ನೂ ನಾವು ಕೈಬಿಟ್ಟೆವೇನೋ ಅಂತ ನನ್ನ ತಾಯಿ ಸಾಯುವತನಕ ಕೊರಗಿದಳು. ಅವರ ವಂಶದವರು ಇಲ್ಲಿದ್ದರೆ ಕ್ಷಮೆ ಕೇಳೋಣ ಅಂತ ಬಂದೆ,” ಎಂದರು ಮಾರ್ಗರೆಟ್.

ಪೇಟೆಯಿಂದ ನೇರವಾಗಿ ಗುತ್ತಲ ರಸ್ತೆಗೆ ಹೋದೆವು. ಬೆಚ್ಚಗಿನ ಬಿಸಿಲಿನಲ್ಲಿ ಫಕೀರಪ್ಪನ ತಾಯಿ ಗಂಗವ್ವ ಬಾವಿಯ ಪಕ್ಕದ ಮಡಿಗಳಲ್ಲಿ ಮೆಂತ್ಯೆ ಸೊಪ್ಪಿನ ಕಳೆ ತೆಗೆಯುತ್ತಿದ್ದಳು. ಎಂಬತ್ತರ ಮುದುಕಿ, ಮಾತು ಮಾತ್ರ ಗಟ್ಟಿ. ಆ ಕಲ್ಲುಕಟ್ಟಡ ಯಾರದು ಎಂದು ಕೇಳಿದೆ.

“ಅದಕ್ಕ ನಾವು ನೆಲ್ಲಿ ಕಟ್ಟಿ ಅಂತೀವ್ರಿ,” ಎಂದಳು.

ಮಾರ್ಗರೆಟ್ ನನ್ನ ತೋಳು ಹಿಡಿದರು. ನಾನು ಅವಸರದಲ್ಲಿ ನನ್ನ ಹಳೆಯ ಚಾಳಿಗೆ ಬಿದ್ದು, ಅದು ನಿಮ್ಮ ನೆಲ್ಲಿಯಲ್ಲ, ನೆಲ್ಲಿ ಎಂದರೆ ನಮ್ಮಲ್ಲಿ ಹುಳಿ ಕಾಯಿಯ ಒಂದು ಮರ ಎಂದು ವಿವರಿಸತೊಡಗಿದೆ. ಹೇಳುತ್ತ ಸುತ್ತ ನೋಡಿದರೆ ಅಲ್ಲಿದ್ದದ್ದು ಬೇವು.

“ಇಲ್ಲಿ ನೆಲ್ಲಿ ಗಿಡ ಇತ್ತೇನಬೇ?” ಎಂದು ಕೇಳಿದೆ.

“ಗಿಡ ಎಲ್ಲಿಂದ ಬರಬೇಕ್ರಿ ಮಾಸ್ತರ. ನೆಲ್ಲಿ ಅಂದ್ರ ಆ ಕುದುರಿ ಹೆಸರು. ನಮ್ಮತ್ತಿ ಹೇಳತಿದ್ದಳು. ಆ ಸಾಹೇಬ ದೊಡ್ಡ ಸಾಹೇಬ ಅಲ್ರಿ, ಮಾಲಿ ಸಾಹೇಬ. ದಂಡು ಬಿಟ್ಟು ಬಂದು ಬಂಗಲೇದಾಗ ತ್ವಾಟ ಮಾಡತಿದ್ದ. ನೀರು ಜಗ್ಗಾಕ ಆ ಕುದುರೀನ. ಅದು ಸತ್ತಾಗ ಮೂರು ದಿನ ಅನ್ನಾ ಮುಟ್ಟಲಿಲ್ಲಂತ. ಆಮ್ಯಾಲ ಒಂದು ದಿನ ಗಾಡಿ ಹತ್ತಿ ಹೋದ, ಹೊಳ್ಳಿ ಬರಲಿಲ್ಲ.”

“ಹೆಂಡತಿ, ಮಕ್ಕಳು?”

“ಯಾರೂ ಇದ್ದಿಲ್ಲಂತ್ರಿ. ಗಿಡಾ, ಕುದುರಿ, ಎರಡ.”

ಅಷ್ಟನ್ನೂ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಸರ್ವಿಸಿನಲ್ಲೇ ಅಂಥ ಪ್ರಾಮಾಣಿಕ ಭಾಷಾಂತರ ನಾನು ಮಾಡಿರಲಿಲ್ಲ. ಮಾರ್ಗರೆಟ್ ಕಟ್ಟೆಯ ಮೇಲೆ ಕುಳಿತರು. ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. “ಕುದುರೆ. ನಮ್ಮ ಮನೆಯವರು ಒಂದು ಕುದುರೆಗೆ ಇಷ್ಟೆಲ್ಲ ನಾಚಿಕೊಂಡರು,” ಎಂದರು. ಆಮೇಲೆ ಕಲ್ಲಿನ ಸಂದುಗಳ ಮೇಲೆ ಬೆರಳಾಡಿಸುತ್ತ, “ಚೆನ್ನಾಗಿಯೇ ಕಟ್ಟಿದ್ದಾನೆ,” ಎಂದರು. ಅವನು ಎಲ್ಲಿ ಸತ್ತನೋ ಕೊನೆಗೂ ತಿಳಿಯಲಿಲ್ಲವಲ್ಲ ಎಂದು ನಾನು ಮರುಗಿದರೆ ತಲೆಯಲ್ಲಾಡಿಸಿದರು. ಅವನ ಮೇಲಿದ್ದ ಅಪವಾದ ಹೋಯಿತು, ನನಗೆ ಅಷ್ಟು ಸಾಕು ಎಂದರು.

ನನ್ನ ಎದೆಯ ಮೇಲಿನ ಚಪ್ಪಡಿಯೂ ಇಳಿದಿತ್ತು. ಬದುವಿನ ಮೇಲೆ ಕಾಲು ಚಾಚಿ ಕುಳಿತೆ. ಫಕೀರಪ್ಪ ಹುರಿದ ಶೇಂಗಾ ತಂದುಕೊಟ್ಟ.

ಸ್ವಲ್ಪ ಹೊತ್ತಿಗೆ ನೋಡಿದರೆ ಮಾರ್ಗರೆಟ್ ಮೆಂತ್ಯೆ ಮಡಿಯಲ್ಲಿ ಗಂಗವ್ವನ ಎದುರು ಮೊಣಕಾಲೂರಿ ಕುಳಿತಿದ್ದರು. ಬೆರಳಿನಿಂದ ಮಣ್ಣು ಸಡಿಲಿಸಿ, ಬೇರು ಮುರಿಯದ ಹಾಗೆ ಕಳೆ ಕೀಳುತ್ತಿದ್ದರು. ಗಂಗವ್ವ ಆ ಕೈಯನ್ನೇ ನೋಡುತ್ತಿದ್ದಳು. ಒಮ್ಮೆ ಮಾರ್ಗರೆಟ್ ಒಂದು ಸಸಿಗೆ ಕೈ ಹಾಕಿದಾಗ ಮುದುಕಿ ಅವರ ಮಣಿಕಟ್ಟಿಗೆ ಮೆಲ್ಲಗೆ ಹೊಡೆದು, “ಅದನ್ನ ಬಿಡಬೇ, ಅದು ಕೊತ್ತಂಬ್ರಿ,” ಎಂದಳು. ಮಾರ್ಗರೆಟ್ ಎಲೆ ಮುರಿದು ಮೂಸಿ ನೋಡಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು.

“ಮಾಸ್ತರ, ಈಕಿ ಏನಂದ್ಲು?” ಎಂದು ಗಂಗವ್ವ ಕೂಗಿದಳು. ಬಾಯಲ್ಲಿದ್ದ ಶೇಂಗಾ ನುಂಗಿ, ಗಂಟಲು ಸರಿಮಾಡಿಕೊಂಡು, ಭಾಷಾಂತರಕ್ಕೆ ಎದ್ದು ನಿಂತೆ. ಅಷ್ಟರಲ್ಲಿ ಅವಳೇ ಕೈಯಾಡಿಸಿದಳು.

“ಇರ್ಲಿ ಬಿಡ್ರಿ, ಕುಂದ್ರಿ. ನನಗ ತಿಳೀತು.”