ಚಪ್ಪಾಳೆ ತಟ್ಟದವರು

ನಮ್ಮ ಮನೆಯವರ ತಿಥಿ ಮುಗಿದ ಮೇಲೆ ನೆಂಟರೆಲ್ಲ ಅವರವರ ಊರಿಗೆ ಹೊರಟರು. ಹೊರಡುವ ಮುಂಚೆ ಓರಗಿತ್ತಿ ನನ್ನ ಭುಜ ಹಿಡಿದುಕೊಂಡು, "ಒಸಿ ಅತ್ಬುಡು ಕಣಕ್ಕ. ಎದೇಲೇ ಇಟ್ಕಂಡ್ರೆ ಒಳ್ಳೇದಲ್ಲ" ಎಂದಳು. ಸಾರಿಗೆ ಒಸಿ ಉಪ್ಪು ಹಾಕು ಎಂದಷ್ಟೇ ಸಲೀಸಾಗಿ ಹೇಳಿದಳು. ನನಗೆ ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ ದುಃಖವೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಹಾಕಿದಾಗ ದವಡೆ ಮುಟ್ಟಿ ನೋಡಿಕೊಂಡರೆ ಯಾರದೋ ದವಡೆ ಅನಿಸುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಮಾರನೆಯ ದಿನ ಮತ್ತೆ ಮಿಷನ್ನಿನ ಮುಂದೆ ಕುಳಿತು ಬ್ಲೌಸ್ ಹೊಲಿಯಲು ಶುರು ಮಾಡಿದೆ. ಅದು ಮದುವೆ ಸೀಸನ್ನು. ರಾಮನಗರದ ಅರ್ಧ ಹೆಣ್ಣುಮಕ್ಕಳ ಅಳತೆ ನನ್ನ ಹತ್ತಿರ ಇದೆ. ನನಗೆ ಹೀಗಾಯಿತೆಂದು ಅವರ ಮುಹೂರ್ತ ಮುಂದಕ್ಕೆ ಹೋಗುತ್ತದೆಯೇ?

ಇವರು ಲೈನ್‌ಮನ್ ಆಗಿದ್ದರು. ಸುದ್ದಿ ಕೇಳಿ ಬಂದವರೆಲ್ಲ ಮೊದಲು ಕೇಳಿದ್ದು, "ಕಂಬದಿಂದ ಬಿದ್ರಾ?" ಎಂದೇ. ಇಲ್ಲ. ಅಷ್ಟು ವರ್ಷ ಕಂಬ ಹತ್ತಿ ಕ್ಷೇಮವಾಗಿ ಇಳಿದವರು ಒಂದು ಬೆಳಿಗ್ಗೆ ಮನೆಯ ಬಾಗಿಲಲ್ಲಿ ಕುಳಿತು ಶೂ ಕಟ್ಟಿಕೊಳ್ಳುತ್ತ ಹಾಗೇ ವಾಲಿಕೊಂಡರು. ಒಂದು ಕಾಲಿನ ಲೇಸು ಕಟ್ಟಿ ಆಗಿತ್ತು.

ಬೀಡಿ, ಸಿಗರೇಟು, ಎಣ್ಣೆ, ಇಸ್ಪೀಟು ಯಾವುದೂ ಇಲ್ಲದ ಮನುಷ್ಯನಿಗೆ ಇದ್ದ ಒಂದೇ ಹುಚ್ಚೆಂದರೆ ಗಿಟಾರು. ನುಡಿಸುವ ಹುಚ್ಚಲ್ಲ, ಕೇಳುವ ಹುಚ್ಚು. ಅದೂ ಒಬ್ಬನೇ ಒಬ್ಬನದು. ನಮ್ಮ ಕಡೆ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ದೊಡ್ಡ ಮದುವೆಗಳ ರಿಸೆಪ್ಷನ್ನಿಗೆ ಬರುವ ಒಂದು ಆರ್ಕೆಸ್ಟ್ರಾದಲ್ಲಿ ಮಾಗಡಿಯ ಹುಡುಗನೊಬ್ಬ ಗಿಟಾರು ನುಡಿಸುತ್ತಿದ್ದ. ಹುಡುಗ ಎನ್ನುತ್ತೇನೆ, ಈಗ ಅವನಿಗೂ ಕಿವಿಯ ಹತ್ತಿರ ಕೂದಲು ನರೆತಿದೆ. ಸಿನಿಮಾ ಹಾಡಿನಲ್ಲಿ ಎರಡನೇ ಚರಣಕ್ಕೆ ಮುಂಚೆ ಕೊಳಲೋ ಪಿಟೀಲೋ ಬರುವ ಜಾಗ ಇರುತ್ತದಲ್ಲ, ಆರ್ಕೆಸ್ಟ್ರಾದವರು ಅಷ್ಟೆಲ್ಲ ವಾದ್ಯ ಎಲ್ಲಿಂದ ತರಬೇಕು, ಆ ಜಾಗವನ್ನು ಇವನಿಗೆ ಬಿಟ್ಟಿದ್ದರು. ಇವನು ಕಾಲ ಬಳಿಯ ಪೆಡಲ್ ಒತ್ತಿ ದನಿಯನ್ನು ಒರಟು ಮಾಡಿಕೊಂಡು, ಹಾಡಿಗೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ ರಾಕ್ ಶುರು ಮಾಡಿಬಿಡುತ್ತಿದ್ದ. ಹಾಡುವವಳು ಮೈಕ್ ಹಿಡಿದುಕೊಂಡು ಕಾಯುತ್ತಿದ್ದಳು. ಕಮಿಟಿಯವರು ಸ್ಟೇಜಿನ ಪಕ್ಕದಿಂದ, "ಸಾಕು ಬುಡಯ್ಯ" ಎಂದು ಕೈ ಆಡಿಸುತ್ತಿದ್ದರು. ಅವನು ಬಿಡುತ್ತಿರಲಿಲ್ಲ. ಒಂದು ಸಲ ನುಡಿಸಿದ್ದನ್ನು ಇನ್ನೊಂದು ಸಲ ನುಡಿಸುತ್ತಲೂ ಇರಲಿಲ್ಲ. ಇವರನ್ನು ಹಿಡಿದುಹಾಕಿದ್ದು ಅದೇ.

ಮೊದಲ ಸಲ ಕೇಳಿದಾಗ ನನಗೆ ಯಾರೋ ಅಂಗಡಿಯ ಶಟರ್ ಎಳೆದ ಹಾಗಿತ್ತು. ಹಾಗೆಂದು ಇವರಿಗೆ ಹೇಳಿಯೂ ಬಿಟ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಕಬ್ಬಾಳಿನಲ್ಲಿ ಒಂದು ಸಂಜೆ ಆ ಹುಡುಗ ಒಂದೇ ಒಂದು ಸ್ವರ ಹಿಡಿದುಕೊಂಡು ನಿಂತುಬಿಟ್ಟ. ಮುಂದಕ್ಕೆ ಹೋಗುತ್ತಾನೆ ಎಂದು ಕಾದೆ, ಹೋಗಲಿಲ್ಲ. ಅದನ್ನೇ ಮೆಲ್ಲಗೆ ನುಡಿಸಿದ, ಸಿಟ್ಟಿನಿಂದ ನುಡಿಸಿದ, ತಂತಿಯನ್ನು ಬೆರಳಲ್ಲಿ ಮೇಲಕ್ಕೆ ಎಳೆದು ಇನ್ನೇನು ಪಕ್ಕದ ಸ್ವರ ಮುಟ್ಟಿತು ಎನ್ನುವಾಗ ಮತ್ತೆ ಹಳೆಯ ಜಾಗಕ್ಕೆ ಬಿಟ್ಟ. ಕೊನೆಗೊಮ್ಮೆ ಅವನು ಆ ಪಕ್ಕದ ಸ್ವರಕ್ಕೆ ಕಾಲಿಟ್ಟಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇವರು ನೋಡಿ ನಕ್ಕರು. "ಏನ್ ಮೇಡಂ, ಶಟರ್ ತೆಗೀತಾ?" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ರೇಗಿಸಿದರು.

ಅಲ್ಲಿಂದ ನಾನೂ ಪಕ್ಕಾ ಅಭಿಮಾನಿ. ನಮ್ಮ ಜೊತೆ ಮೂರನೆಯವರೊಬ್ಬರಿದ್ದರು, ಚನ್ನಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ವಯಸ್ಸಾದ ಯಜಮಾನರು. ಅವರು ಸಿಕ್ಕಿದ್ದು ಕನಕಪುರದ ಒಂದು ಕಾರ್ಯಕ್ರಮದಲ್ಲಿ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು ಗಿಟಾರು ಮುಗಿದದ್ದೇ ಎದ್ದು ಹೊರಟರು. ಇವರೂ ಎದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಡು ಇನ್ನೂ ಅರ್ಧ ಬಾಕಿ ಇತ್ತು. ಅಲ್ಲಿಗೆ ಸ್ನೇಹವಾಯಿತು.

ನಮ್ಮದೊಂದು ಕಟ್ಟುನಿಟ್ಟು ಇತ್ತು. ಇವರು ಅವನ ಒಂದೊಂದು ಗಿಟಾರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಬಲಗಡೆಯ ಸೌಂಡ್ ಬಾಕ್ಸಿನ ಎದುರು ಮುಂದಿನ ಸಾಲಿನಲ್ಲಿ ಕುಳಿತು, ಫೋನಿಗೆ ಕರ್ಚೀಪು ಸುತ್ತಿ ಮಂಡಿಯ ಮೇಲೆ ಇಟ್ಟುಕೊಳ್ಳುವುದು. ಶುರುವಿನಲ್ಲಿ ಒಮ್ಮೆ ತಿಪ್ಪಸಂದ್ರದಲ್ಲಿ ಇವರು ತಡೆಯಲಾರದೆ "ಆಹಾ!" ಎಂದುಬಿಟ್ಟಿದ್ದರು. ಮನೆಗೆ ಬಂದು ಹಾಕಿ ಕೇಳಿದರೆ ಗಿಟಾರಿಗಿಂತ ಆಹಾ ದೊಡ್ಡದಾಗಿ ಕೇಳಿಸಿತು. ಇವರಿಗೆ ಎಂಥ ನಾಚಿಕೆಯಾಯಿತೆಂದರೆ ಅದನ್ನು ಅಲ್ಲೇ ಅಳಿಸಿದರು. ಅವತ್ತಿನಿಂದ ನಿಯಮ ಬಂತು. ಗಿಟಾರು ಶುರುವಾದರೆ ಮೂವರೂ ಮಾತಾಡಬಾರದು, ತಲೆ ಆಡಿಸಬಾರದು, ಕುರ್ಚಿ ಕಿರುಗುಟ್ಟುತ್ತದೆ. ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಮುಗಿದ ಮೇಲೂ ತಟ್ಟುವಂತಿಲ್ಲ, ಕೊನೆಯ ಸ್ವರದ ಬಾಲ ಪೂರ್ತಿ ಸಾಯುವವರೆಗೂ ಇವರಿಗೆ ಬೇಕು. ಇವರು ಉಸಿರನ್ನೂ ಬಿಗಿಹಿಡಿದು ಕೂರುತ್ತಿದ್ದರು. ಮುಗಿಯುವ ಹೊತ್ತಿಗೆ ಮುಖ ಕೆಂಪಾಗಿರುತ್ತಿತ್ತು.

ಮೆಚ್ಚುವುದೆಲ್ಲ ಮಾರನೆಯ ದಿನ. ಭಾನುವಾರವಾದರೆ ಸೈಕಲ್ ಅಂಗಡಿಯವರು ಬಸ್ ಹಿಡಿದು ನಮ್ಮ ಮನೆಗೇ ಬರುತ್ತಿದ್ದರು. ಉಪ್ಪಿಟ್ಟು ತಿನ್ನುತ್ತ, ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ, ಮತ್ತೆ ಮತ್ತೆ ಕೇಳುವುದು. "ಇಲ್ ನೋಡಿ, ಇಲ್ ಕೆಳಗ್ ಬೀಳ್ತೀನಿ ಅಂತ ಹೆದರ್ಸ್ತಾನೆ, ಬೀಳಲ್ಲ" ಎಂದು ಇವರು. "ಅದೇನ್ ಮಹಾ, ಕನಕಪುರದಲ್ಲಿ ಬಿದ್ದು ಎದ್ದಿದ್ದ" ಎಂದು ಅವರು. ಜಗಳ ಮಧ್ಯಾಹ್ನದ ಊಟದವರೆಗೆ ಹೋಗುತ್ತಿತ್ತು. ಮೂವರೂ ಒಪ್ಪುತ್ತಿದ್ದದ್ದು ಒಂದೇ, ಕುದೂರಿನದು. ಅವತ್ತು ಗಿಟಾರಿನ ನಡುವೆ ಕರೆಂಟು ಹೋಗಿತ್ತು. ಕತ್ತಲು, ಶಿಳ್ಳೆ, ಕೂಗಾಟ. ಡ್ರಮ್ಮಿನವನೊಬ್ಬನೇ ಬಡಿಯುತ್ತಲೇ ಇದ್ದ. ಹಿಂದಿನಿಂದ ಯಾರೋ ಇವರಿಗೆ, "ನೀವ್ ಲೈನ್‌ಮನ್ ಅಲ್ವಾ, ಎದ್ದು ನೋಡಿ ಸಾರ್" ಎಂದರೂ ಅಲ್ಲಾಡಲಿಲ್ಲ, ರೆಕಾರ್ಡ್ ಆಗುತ್ತಿತ್ತಲ್ಲ. ಜನರೇಟರು ಎದ್ದುಕೊಂಡು ಬಾಕ್ಸಿನಲ್ಲಿ ದನಿ ಬಂದಾಗ ಆ ಹುಡುಗ ತಾಳ ತಪ್ಪದೆ ಎಲ್ಲೋ ಮುಂದಕ್ಕೆ ಹೋಗಿದ್ದ. ಯಾರಿಗೂ ಕೇಳಿಸದಿದ್ದರೂ ಕತ್ತಲಲ್ಲಿ ನುಡಿಸುತ್ತಲೇ ಇದ್ದ ಎಂದಾಯಿತು.

ಇಷ್ಟೆಲ್ಲ ಮೆಚ್ಚಿದವರು ಅವನನ್ನು ಒಂದು ದಿನವೂ ಮಾತಾಡಿಸಲಿಲ್ಲ. ನಾನು ಎಷ್ಟೋ ಸಲ ಹೇಳಿದೆ, ಹೋಗಿ ಕೈಯಾದರೂ ಕುಲುಕಿ ಬನ್ನಿ ಎಂದು. ಇವರು ಕೇಳಲಿಲ್ಲ. "ನಮ್ಗೆ ಏನ್ ಇಷ್ಟ ಅಂತ ಗೊತ್ತಾದ್ರೆ ಅದ್ನೇ ನುಡಿಸ್ತಾನೆ. ಕೆಟ್ಟೋಯ್ತಾನೆ" ಎನ್ನುತ್ತಿದ್ದರು. ನನಗೂ ಅದು ಸರಿ ಅನ್ನಿಸಿತ್ತು.

ಇವರು ಹೋದ ಮೇಲೆ ಒಂದು ಮಧ್ಯಾಹ್ನ ಕಾಜ ಹೊಲಿಯುತ್ತ ಕುಳಿತಿದ್ದಾಗ ಇವರ ದನಿ ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಮುಖ ಇತ್ತು, ಶರ್ಟಿನ ವಾಸನೆ ಇತ್ತು, ಹೇಳಿದ ಮಾತುಗಳೂ ಇದ್ದವು, ಆದರೆ ಆ ಮಾತುಗಳೆಲ್ಲ ನನ್ನ ದನಿಯಲ್ಲೇ ಕೇಳಿಸುತ್ತಿದ್ದವು. ಅದಕ್ಕೂ ನನಗೆ ಗಾಬರಿಯಾಗಲಿಲ್ಲ. ಎಲ್ಲೋ ಇಟ್ಟ ಕತ್ತರಿ ಹುಡುಕುವವಳ ಹಾಗೆ ಎದ್ದು ಹುಡುಕತೊಡಗಿದೆ. ನಮ್ಮ ಮದುವೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಂದೋ ಹಾಳಾಗಿತ್ತು. ವಾಟ್ಸಾಪಿನಲ್ಲಿ ನಾನು ಎಷ್ಟುದ್ದ ಬರೆದರೂ ಇವರು "ಹೂಂ" ಎಂದು ಒತ್ತಿ ಕಳಿಸುತ್ತಿದ್ದರು, ದನಿ ಕಳಿಸಿದವರಲ್ಲ. ಉಳಿದದ್ದು ಆ ರೆಕಾರ್ಡುಗಳು.

ಒಂದಾದ ಮೇಲೊಂದು ಕೇಳಿದೆ. ಕಿವಿಗೆ ವೈರು ಸಿಕ್ಕಿಸಿಕೊಂಡು, ಗಿಟಾರನ್ನು ಬದಿಗೆ ಸರಿಸಿ, ಅದರ ಹಿಂದೆ ಏನಾದರೂ ಇದೆಯೇ ಎಂದು ಕೇಳಿದೆ. ಮಗು ಅಳುವುದು ಇತ್ತು. ಕಡಲೆಕಾಯಿ ಮಾರುವವನಿದ್ದ. ನಾಯಿ ಇತ್ತು. ಊರಿನವರೆಲ್ಲ ಇದ್ದರು. ಫೋನನ್ನು ತಮ್ಮ ಮಂಡಿಯ ಮೇಲೇ ಇಟ್ಟುಕೊಂಡಿದ್ದ ಮನುಷ್ಯ ಮಾತ್ರ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಉಸಿರು ಬಿಡುವ ಸದ್ದಾದರೂ ಸಿಗಬಹುದೆಂದು ನೋಡಿದೆ. ಅದಕ್ಕೂ ಮುಂಚೆಯೇ ನೀಟಾಗಿ ಕತ್ತರಿಸಿದ್ದರು. ಎಷ್ಟು ಅಚ್ಚುಕಟ್ಟೆಂದರೆ ನನಗೆ ಸಿಟ್ಟು ಬಂತು. ಇವರು ಹೋದಮೇಲೆ ನನಗೆ ಬಂದ ಮೊದಲ ಸಿಟ್ಟು ಅದು. ಅದೂ ಬಹಳ ಹೊತ್ತು ನಿಲ್ಲಲಿಲ್ಲ.

ಅದೇ ವಾರ ಸೈಕಲ್ ಅಂಗಡಿಯವರು ಬಂದರು. ಉಪ್ಪಿಟ್ಟು ಮಾಡಿಕೊಟ್ಟೆ. ತಟ್ಟೆಯಲ್ಲೇ ಕೈಯಾಡಿಸುತ್ತ ಕುಳಿತು, "ಅವ್ನು ಹಾಳಾಗೋದ ಕಣವ್ವ" ಎಂದರು.

"ಯಾರು?"

"ನಮ್ ಗಿಟಾರ್‌ನವ್ನು. ಮೂರ್ ಪ್ರೋಗ್ರಾಮ್‌ಗೆ ಹೋಗ್ಬಂದೆ. ಸಿನಿಮಾದಲ್ಲಿ ಕೊಳಲು ಹೆಂಗೈತೋ ಹಂಗೇ ನುಡಿಸ್ಬುಟ್ಟು ಸುಮ್ಕಾಯ್ತಾನೆ. ಒಂದು ಎಳೆತ ಇಲ್ಲ, ಏನಿಲ್ಲ. ಕಮಿಟಿಯವ್ರು ಖುಷಿಯಾಗವ್ರೆ."

ನನಗೆ ಅದರಲ್ಲಿ ಕೇಳಿಸಿದ್ದು ಬೇರೆ. ಆರ್ಕೆಸ್ಟ್ರಾದವರು ಸ್ಟೇಜಿನ ಮೇಲೆ ನಿಂತು ವಿಡಿಯೋ ತೆಗೆದುಕೊಳ್ಳುತ್ತಾರಲ್ಲ, ಅದರಲ್ಲಿ ಎಲ್ಲಾದರೂ ಇವರ ದನಿ ಇರಬಹುದಲ್ಲ ಎಂದು ಹೊಳೆಯಿತು. ಅವನಿಗೆ ಮಾಗಡಿಯಲ್ಲಿ ಆಂಪ್ಲಿಫೈಯರು, ಮೈಕು ರಿಪೇರಿ ಮಾಡುವ ಸಣ್ಣ ಅಂಗಡಿ ಇದೆ ಎಂದು ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಬಸ್ ಹತ್ತಿದೆ.

ಬಾಗಿಲಲ್ಲಿ ನನ್ನನ್ನು ನೋಡಿದ್ದೇ ಅವನು ಎದ್ದು ನಿಂತ. ಮುಖ ಬಿಗಿಯಾಯಿತು.

"ನೀವು ಬಲಗಡೆ ಬಾಕ್ಸ್ ಹತ್ರ ಕೂರೋರಲ್ವಾ?"

ಹೌದೆಂದೆ. ಇವರು ತೀರಿಕೊಂಡರು ಎಂದೆ. ಎಷ್ಟು ಜನಕ್ಕೆ ಹೇಳಿ ಅಭ್ಯಾಸವಾಗಿತ್ತೆಂದರೆ ಬ್ಲೌಸ್ ರೆಡಿಯಿದೆ ಎಂದ ಹಾಗೆ ಹೇಳಿದೆ. ಅವನು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ. ವಿಡಿಯೋ ವಿಷಯ ಕೇಳಿದೆ. ಫೋನು ತೆಗೆದು ಒಂದೊಂದನ್ನೇ ತೋರಿಸಿದ. ಹಾಡುವವಳ ಸೀರೆ, ಬಣ್ಣದ ಲೈಟು, ಎದುರಿಗೆಲ್ಲ ಕತ್ತಲು. ಇವರಿರಲಿಲ್ಲ. ಸರಿ ಬಿಡಪ್ಪ ಎಂದು ಬ್ಯಾಗು ತೆಗೆದುಕೊಂಡೆ.

"ಅಕ್ಕ, ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ" ಎಂದ. "ನಾನ್ ನುಡ್ಸೋದ್ರಲ್ಲಿ ಏನ್ ತಪ್ಪೈತೆ ಅಂತಿದ್ರು ಅವ್ರು?"

ನನಗೆ ಅರ್ಥವಾಗಲಿಲ್ಲ. ಅವನು ನೆಲ ನೋಡುತ್ತ ಹೇಳಿದ. "ಹಿಂದ್ಗಡೆ ಜನ ಎಲ್ಲಾ ಶಿಳ್ಳೆ ಹೊಡೆಯೋರು. ಮುಂದೆ ನೀವ್ ಮೂರ್ ಜನ ಮಾತ್ರ ಸುಮ್ಕೆ ಕುಂತಿರೋರು. ಅವ್ರಂತೂ ಕಲ್ಲು ಕುಂತಂಗೆ. ಮುಖ ಕೆಂಪಗೆ ಮಾಡ್ಕಂಡು ನನ್ನೇ ನೋಡೋರು. ಒಂದಿನ ಕೈ ತಟ್ಲಿಲ್ಲ. ಯಾರೋ ಚೆನ್ನಾಗಿ ಬಲ್ಲೋರು, ಇವ್ರಿಗೆ ಹಿಡಿಸ್ತಿಲ್ಲ ಅಂತ ಪ್ರತಿ ಸಲ ಬೇರೆ ತರ ಟ್ರೈ ಮಾಡ್ತಿದ್ದೆ. ಇವತ್ತು ಈ ಯಜಮಾನ್ರ ಕೈಲಿ ಚಪ್ಪಾಳೆ ತಟ್ಟಿಸ್ಲೇಬೇಕು ಅಂತ ಮನೇಲಿ ಹೇಳ್ಬುಟ್ಟು ಬತ್ತಿದ್ದೆ. ಆಮೇಲೆ ನೀವಿಬ್ರೂ ಬರೋದೇ ನಿಲ್ಸ್‌ಬುಟ್ರಿ. ಕೊನೆಗೂ ಬೇಸತ್ತೋದ್ರು ಅಂದ್ಕಂಡೆ. ಇನ್ಯಾರಿಗೆ ನುಡಿಸ್ಲಿ?"

ಅಂಗಡಿಯ ಸ್ಟೂಲಿನ ಮೇಲೆ ಕುಳಿತುಕೊಂಡೆ. ಒಂದು ಸಲ ಕೇಳಿಸಿದ್ದನ್ನು ಮತ್ತೆ ಕೇಳಿಸುವುದಿಲ್ಲ ನೋಡು, ಇವನ ತಲೆಯಲ್ಲಿ ಎಷ್ಟಿದೆ ನೋಡು ಎಂದು ಅಷ್ಟು ವರ್ಷ ಇವರು ಬೆರಗಾಗುತ್ತಿದ್ದರು. ಅವನು ಇವರಿಗೆ ಹಿಡಿಸುವುದನ್ನು ಹುಡುಕುತ್ತಿದ್ದ. ನಾನು ಗಿಟಾರನ್ನು ಬದಿಗೆ ಸರಿಸಿ ಅದರ ಹಿಂದೆಲ್ಲ ಇವರನ್ನು ಹುಡುಕಿದ್ದೆ.

ಕರ್ಚೀಪು, ಮಂಡಿ, ತಿಪ್ಪಸಂದ್ರದ ಆಹಾ, ಭಾನುವಾರದ ಉಪ್ಪಿಟ್ಟು, ಎಲ್ಲ ಹೇಳಿದೆ. ಅವನು ನಂಬಲಿಲ್ಲ. ಬ್ಯಾಗಿನಿಂದ ಇವರ ಫೋನು ತೆಗೆದು ಅವನ ಮೇಜಿನ ಮೇಲಿದ್ದ ಟೀ ಲೋಟ ತೊಳೆಸಿ ಅದರೊಳಗೆ ನಿಲ್ಲಿಸಿ ಕುದೂರಿನದು ಹಾಕಿದೆ. ಕರೆಂಟು ಹೋಯಿತು. ಕೂಗಾಟ, ಡ್ರಮ್ಮು. ಜನರೇಟರು ಬಂತು, ಅದರ ನಡುವಿನಿಂದ ಅವನು ಬಂದ. ತಾನೇ ನುಡಿಸಿದ್ದನ್ನು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಕೊನೆಯ ಸ್ವರ ಉದ್ದಕ್ಕೆ ಎಳೆದು, ಸಣ್ಣಗಾಗಿ, ಪೂರ್ತಿ ಸತ್ತಮೇಲೆ ರೆಕಾರ್ಡು ನಿಂತಿತು.

"ಇಲ್ಲಿ ಏನಂದ್ರು ಅವ್ರು?" ಎಂದು ಕೇಳಿದ.

"ಏನೂ ಅನ್ಲಿಲ್ಲ ಕಣಪ್ಪ. ಉಸ್ರು ಹಿಡ್ಕಂಡಿದ್ರು" ಎಂದೆ.

ಆ ಮಾತು ನನ್ನ ಬಾಯಿಂದ ಹೊರಗೆ ಬಿದ್ದದ್ದೇ ತಡ, ಎಲ್ಲಿತ್ತೋ ಅಷ್ಟು ದಿನ, ಅಳು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಅತ್ತೆ. ಅವನು ಸಮಾಧಾನ ಹೇಳಲಿಲ್ಲ, ನೀರು ಕೊಡಲು ಏಳಲಿಲ್ಲ. ನನ್ನ ಅಳು ಮುಗಿಯುವವರೆಗೂ, ನಾವು ಮೂವರು ಅವನ ಮುಂದೆ ಕೂರುತ್ತಿದ್ದ ಹಾಗೆಯೇ, ಕೈ ಕಟ್ಟಿಕೊಂಡು ಒಂದಿಷ್ಟೂ ಸದ್ದು ಮಾಡದೆ ಕುಳಿತಿದ್ದ.